ಯಲ್ಲಪ್ಪನವರ ಮನೆಯ ವೈಫೈ

ನಮ್ಮ ಮನೆಯಲ್ಲಿ ಒಂದೊಂದು ಸಾಮಾನಿಗೆ ಒಂದೊಂದು ಒರೆಸುವ ಬಟ್ಟೆ ಇದೆ. ದೇವರ ಗೂಡಿಗೆ ಒಂದು, ಊಟದ ಮೇಜಿಗೆ ಒಂದು, ಸ್ಕೂಟರಿಗೆ ಒಂದು, ಲ್ಯಾಪ್‌ಟಾಪಿಗೆ ಒಂದು. ಲ್ಯಾಪ್‌ಟಾಪಿನದು ನನ್ನ ಹಳೇ ಧೋತರದ ತುಂಡು. ನಾಲ್ಕು ಮಡಿಕೆ ಮಾಡಿ, ಅಂಚು ಹೊಲಿಸಿ, ಕಿಟಕಿಯ ಪಕ್ಕದ ಮೊಳೆಗೆ ನೇತು ಹಾಕಿದ್ದೇನೆ. ಹೊಸಪೇಟೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುತ್ತೇನೆ: ಸಂಡೂರಿನ ಗುಡ್ಡದಿಂದ ಅದಿರು ಹೊತ್ತ ಲಾರಿಗಳು ಓಡಾಡುವ ಸೀಮೆ ಇದು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು ಕೆಂಪು ಧೂಳು. ಸಂಡೂರಿನಲ್ಲಿರುವ ನನ್ನ ಚಿಕ್ಕಮ್ಮನ ಮನೆಯಲ್ಲಿ ಬಿಳೀ ಅಂಗಿ ಒಗೆದು ಹಾಕಿದರೆ ಸಂಜೆಗೆ ಅದು ಕಾವಿ ಬಟ್ಟೆಯಾಗಿ ಒಳಗೆ ಬರುತ್ತದೆ. ಹೀಗಾಗಿ ಇಲ್ಲಿಯವರ ಕೈ ಸುಮ್ಮನೆ ಇರುವುದಿಲ್ಲ, ಮಾತಾಡುತ್ತ ಮಾತಾಡುತ್ತ ಏನಾದರೂ ಒರೆಸುತ್ತಲೇ ಇರುತ್ತದೆ.

ಈಗ ಆ ಧೋತರದ ತುಂಡನ್ನು ಮೊಳೆಯಿಂದ ತೆಗೆಯುವಾಗಲೆಲ್ಲ ಒಂದು ಸಲ ಪಕ್ಕದ ಮನೆಯ ಕಡೆ ನೋಡುತ್ತೇನೆ. ಅದರಿಂದಾಗಿ, ಅಲ್ಲ, ತಪ್ಪು ಬಟ್ಟೆಯದಲ್ಲ, ನನ್ನಿಂದಾಗಿ ಹದಿನೆಂಟು ವರ್ಷದ ನೆರೆಮನೆಯೊಂದು ಕೈಬಿಟ್ಟು ಹೋಗುವ ಹಾಗಾಯಿತು. ಹೋಯಿತೋ ಉಳಿಯಿತೋ ನನಗಿನ್ನೂ ಸರಿಯಾಗಿ ತಿಳಿದಿಲ್ಲ. ಪೂರ್ತಿ ಕೇಳಿ ನೀವೇ ಹೇಳಿ.

ಒರೆಸುವ ಚಾಳಿ ನನಗೆ ಅವ್ವನಿಂದ ಬಂದದ್ದು. ನಾನು ಬೆಳೆದದ್ದು ಕಂಪ್ಲಿ ಕಡೆಯ ಕಾಲುವೆ ಕ್ವಾರ್ಟರ್ಸಿನಲ್ಲಿ. ಅಲ್ಲಿ ಅದಿರಿನ ಧೂಳಿರಲಿಲ್ಲ, ರೈಸ್ ಮಿಲ್ಲಿನ ಧೂಳಿತ್ತು. ಸುಗ್ಗಿ ಮುಗಿದು ಮಿಲ್ಲುಗಳು ಶುರುವಾದವೆಂದರೆ ಗಾಳಿಯಲ್ಲಿ ಹೊಟ್ಟು ತೇಲುತ್ತಿತ್ತು, ಹಾಲಿನ ಮೇಲೆ ಕೆನೆಗಿಂತ ಮೊದಲು ಅದು ಕಟ್ಟುತ್ತಿತ್ತು. ಅವ್ವ ದಿನಕ್ಕೆರಡು ಸಲ ಮನೆಯನ್ನೆಲ್ಲ ಒರೆಸುತ್ತಿದ್ದಳು. ಗೋಡೆಯ ಹಲಗೆ ಮೇಲೆ ಕೂತಿದ್ದ ರೇಡಿಯೋವನ್ನು ಕೂಸಿನ ಮುಖ ಒರೆಸುವ ಹಾಗೆ ಒರೆಸುತ್ತಿದ್ದಳು. ಅಷ್ಟು ಪ್ರೀತಿಯಿಂದ ಒರೆಸಿದಾಗೆಲ್ಲ ಸ್ಟೇಷನ್ ತಿರುಗಿಸುವ ಗುಂಡಿ ಒಂದಿಷ್ಟು ಸರಿದು, ಮುಳ್ಳು ಬೇರೆಲ್ಲಿಯೋ ಹೋಗಿ ನಿಲ್ಲುತ್ತಿತ್ತು. ಅಪ್ಪ ಸಂಜೆ ವಾರ್ತೆಗೆಂದು ಕೂತರೆ ಗರಗರ ಸದ್ದು, ಅದರ ನಡುವೆ ಯಾವನೋ ಗೊತ್ತಿಲ್ಲದ ಭಾಷೆಯಲ್ಲಿ ಬೈದ ಹಾಗೆ ಮಾತು. ಅಪ್ಪ ರೇಡಿಯೋದ ಮೇಲೆ ರೇಗುತ್ತಿರಲಿಲ್ಲ. ಅಡುಗೆಮನೆಯ ಕಡೆ ತಿರುಗಿ, ಇವತ್ತೂ ಒರೆಸಿದೆಯಾ ಎಂದು ಕೇಳಿ, ಗುಂಡಿಯನ್ನು ಅದರ ಜಾಗಕ್ಕೆ ತರುತ್ತಿದ್ದರು.

ಅಂದರೆ ನೋಡಿ, ಒರೆಸಿದರೆ ಗುಂಡಿ ಸರಿಯುತ್ತದೆ ಎಂಬ ಜ್ಞಾನ ನನಗೆ ಏಳನೇ ವಯಸ್ಸಿಗೇ ಪುಕ್ಕಟೆಯಾಗಿ ಸಿಕ್ಕಿತ್ತು. ಅರವತ್ತನಾಲ್ಕಕ್ಕೆ ಅದು ಕೆಲಸಕ್ಕೆ ಬರಲಿಲ್ಲ.

ಅಪ್ಪ ಕಾಲುವೆ ಆಫೀಸಿನಲ್ಲಿ ವೈರ್‌ಲೆಸ್ ಆಪರೇಟರ್. ಕ್ವಾರ್ಟರ್ಸಿನ ಮುಂದೆಯೇ ಒಂದು ಸಣ್ಣ ಕೋಣೆ, ಅದರೊಳಗೆ ಹಸಿರು ಬಣ್ಣದ ಸೆಟ್ಟು, ಒಂದು ಮೈಕು, ಮೇಜಿನ ಕೆಳಗೆ ಆಸಿಡ್ ವಾಸನೆಯ ಬ್ಯಾಟರಿ, ಮಾಡಿನ ಮೇಲೆ ಎತ್ತರದ ಕಂಬ. ಬೆಳಿಗ್ಗೆ ಆರಕ್ಕೆ ಟಿ.ಬಿ. ಡ್ಯಾಂನ, ಅಂದರೆ ತುಂಗಭದ್ರಾ ಅಣೆಕಟ್ಟಿನ, ಆಫೀಸಿಗೆ ಕಾಲುವೆಯಲ್ಲಿ ಎಷ್ಟು ಅಡಿ ನೀರಿದೆ ಎಂದು ಹೇಳಬೇಕು. ಆ ಲೆಕ್ಕವನ್ನು ತರುತ್ತಿದ್ದವನು ದುರುಗಪ್ಪ ಎಂಬ ಲಸ್ಕರ್. ಲಸ್ಕರ್ ಎಂದರೆ ಕಾಲುವೆ ಕಾಯುವವನು. ಅವನು ಕತ್ತಲಿರುವಾಗಲೇ ಏರಿಯ ಮೇಲೆ ನಡೆದು ಹೋಗಿ, ಪಾಚಿ ಹಿಡಿದ ಮೆಟ್ಟಿಲಿಳಿದು, ನೀರಿನಲ್ಲಿ ನಿಲ್ಲಿಸಿದ ಅಳತೆಯ ಕಲ್ಲನ್ನು ಕೈಯಿಂದ ತಿಕ್ಕಿ ನೋಡಿ, ವಾಪಸು ನಡೆದು ಬಂದು ಕಿಟಕಿಯಲ್ಲಿ ನಿಂತು ಹೇಳುತ್ತಿದ್ದ. ಅಪ್ಪ ಅದನ್ನು ಮೈಕಿನಲ್ಲಿ ಹೇಳುತ್ತಿದ್ದರು. ದುರುಗಪ್ಪ ಹೇಳಿದ್ದು ಕಿಟಕಿಯವರೆಗೆ ಮಾತ್ರ ಕೇಳುತ್ತಿತ್ತು, ಅಪ್ಪ ಹೇಳಿದ್ದು ಡ್ಯಾಂವರೆಗೆ.

ಒಮ್ಮೊಮ್ಮೆ ಆ ಕಡೆಯಿಂದ ಉತ್ತರ ಬರುತ್ತಿರಲಿಲ್ಲ. ಬೇರೆ ಆಪರೇಟರುಗಳಾದರೆ ಡ್ಯಾಂನಲ್ಲಿ ಕೂತವನ ಮೂರು ತಲೆಮಾರನ್ನು ಜಾಲಾಡುತ್ತಿದ್ದರಂತೆ, ಮಲಗಿದ್ದಾನೆ, ಚಹಾಕ್ಕೆ ಹೋಗಿದ್ದಾನೆ ಎಂದು. ಅಪ್ಪನದು ಬೇರೆ ಪದ್ಧತಿ. ಮೊದಲು ಗುಂಡಿಗಳನ್ನು ನೋಡುವರು, ಆಮೇಲೆ ಬ್ಯಾಟರಿ, ಆಮೇಲೆ ವೈರು, ಆಮೇಲೆ ಹೊರಗೆ ಬಂದು ಕಂಬ. ಎಲ್ಲ ಆದ ಮೇಲೆ ಮೈಕು ಹಿಡಿದು, ನನ್ನ ಸೆಟ್ಟು ನೋಡಿಕೊಂಡೆ, ಈಗ ಕೇಳಿಸುತ್ತದೆಯೇ ಎಂದು ಸಮಾಧಾನದಿಂದ ಕೇಳುವರು. ಯಾಕೆ ಹಾಗೆ ಎಂದು ಒಂದು ಸಲ ಕೇಳಿದ್ದೆ.

"ಮೊದ್ಲು ನಮ್ಮ ಸೆಟ್ಟು ನೋಡ್ಕೋಬೇಕಪ. ಆ ಕಡಿಯಾಂವನ ಮ್ಯಾಲೆ ಅನುಮಾನ ಎಲ್ಲಾದಕ್ಕಿಂತ ಕಡೀಗೆ" ಎಂದಿದ್ದರು.

ನಾನೂ ಕಾಲುವೆ ಆಫೀಸಿಗೇ ಸೇರಿದೆ. ಆಪರೇಟರ್ ಅಲ್ಲ, ಗುಮಾಸ್ತ. ಮೂವತ್ತೈದು ವರ್ಷ ಫೈಲು ಕಟ್ಟಿದೆ, ಆ ನಡುವೆಯೇ ಹೊಸಪೇಟೆಯಲ್ಲಿ ಡ್ಯಾಂ ರಸ್ತೆಯ ಒಂದು ಓಣಿಯಲ್ಲಿ ಮನೆ ಕಟ್ಟಿಸಿದೆ. ದಪ್ಪ ಕಲ್ಲಿನ ಗೋಡೆ, ಮೇಲೆ ಕಲ್ಲು ಚಪ್ಪಡಿ. ಬೇಸಿಗೆಯಲ್ಲಿ ತಂಪಾಗಿರಲಿ ಎಂದು ಹಾಗೆ ಕಟ್ಟಿಸಿದ್ದು. ತಂಪು ಎಷ್ಟು ಬಂತೋ ಗೊತ್ತಿಲ್ಲ, ಮೊಬೈಲ್ ಸಿಗ್ನಲ್ ಮಾತ್ರ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲುತ್ತದೆ, ಒಳಗೆ ಬರುವುದಿಲ್ಲ. ಹಂಪಿಗೆ ಹೋದರೆ ನೀವು ನೋಡಿರುತ್ತೀರಿ, ಗುಡ್ಡದ ಬಂಡೆ ಹತ್ತಿದ ಜನ ಸೂರ್ಯನ ಕಡೆ ಬೆನ್ನು ಮಾಡಿ, ಫೋನನ್ನು ಆಕಾಶಕ್ಕೆ ಹಿಡಿದು ನಿಂತಿರುತ್ತಾರೆ. ನನ್ನ ಹೆಂಡತಿ ಗಿರಿಜಾ ನಮ್ಮ ಮಾಳಿಗೆಯ ಮೇಲೆ ದಿನಾ ಹಾಗೆಯೇ ನಿಂತಿರುತ್ತಿದ್ದಳು. ನನ್ನದು ಬಟನ್ ಫೋನು. ಅದರ ಯೋಗ್ಯತೆ ಕರೆ ಬಂದರೆ ಕಿರುಚುವಷ್ಟೇ.

ಪಕ್ಕದ ಮನೆಯೇ ಯಲ್ಲಪ್ಪನವರದು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಕ್ರೇನು ನಡೆಸುತ್ತಿದ್ದು ನಿವೃತ್ತರಾದವರು. ನಮಗಿಂತ ಎರಡು ತಿಂಗಳು ಮೊದಲು ಗೃಹಪ್ರವೇಶ ಮಾಡಿದ್ದರು. ಬೌದ್ಧರು. ಅವರ ಹಾಲಿನಲ್ಲಿ ಬುದ್ಧನ ದೊಡ್ಡ ಪಟವಿದೆ ಎಂದು ನನಗೆ ಗೊತ್ತು, ಏಕೆಂದರೆ ಅದು ಬಾಗಿಲ ಹೊರಗೆ ನಿಂತರೂ ಕಾಣುತ್ತದೆ. ಇನ್ನೊಂದು ಮಾತು, ಈ ಯಲ್ಲಪ್ಪನವರು ಬೇರೆ ಯಾರೂ ಅಲ್ಲ, ಅದೇ ಲಸ್ಕರ್ ದುರುಗಪ್ಪನ ಮಗ. ಇದು ತಿಳಿದಾಗ ನಾವಿಬ್ಬರೂ ಕಾಂಪೌಂಡಿನ ಎರಡು ಬದಿಗೆ ನಿಂತು ಒಂದು ತಾಸು ಕಂಪ್ಲಿಯ ಮಾತಾಡಿದ್ದೆವು.

ಹದಿನೆಂಟು ವರ್ಷ ಅವರು ನನ್ನನ್ನು ಕಂಡಾಗಲೆಲ್ಲ ಹೇಳುತ್ತಿದ್ದದ್ದು ಒಂದೇ. "ಬರ್ರಿ ಸರ, ಕುಂದ್ರಿ. ನೀರು ಕುಡೀರಿ." ನಾನು ಹೇಳುತ್ತಿದ್ದದ್ದೂ ಒಂದೇ, ಈಗಷ್ಟೇ ಕುಡಿದು ಬಂದೆ ಎಂದು. ನಮ್ಮ ಎರಡೂ ಮನೆಗೆ ನೀರು ಬರುವುದು ಒಂದೇ ಪೈಪಿನಿಂದ, ಅದೇ ತುಂಗಭದ್ರೆ. ನನಗೆ ಮಾತ್ರ ಅವರ ಬಾಗಿಲಿಗೆ ಹೋದ ಕೂಡಲೇ ಬಾಯಾರಿಕೆ ಇಂಗಿಹೋಗುತ್ತಿತ್ತು. ನಾನು ಜಾತಿ ನೋಡುವವನಲ್ಲ ಎಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದೆ. ನಮ್ಮ ಮರದ ಮಾವಿನಕಾಯನ್ನು ಅವರಿಗೆ ಕೊಡುತ್ತಿರಲಿಲ್ಲವೇ? ಬುದ್ಧ ಪೂರ್ಣಿಮೆಗೆ ಅವರು ಕೊಟ್ಟ ಪಾಯಸವನ್ನು ಎರಡೂ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲವೇ? ತೆಗೆದುಕೊಳ್ಳುತ್ತಿದ್ದೆ. ಆ ಪಾಯಸ ನಮ್ಮ ಮುಂಬಾಗಿಲಿಂದ ಒಳಗೆ ಬಂದು ಹಿತ್ತಲ ಬಾಗಿಲಿಂದ ಹೊರಗೆ ಹೋಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ಅವರ ಮಗಳು ಸುಜಾತಾ. ಎಂಜಿನಿಯರಿಂಗ್ ಓದಿ ಈಗ ಅದೇ ತೋರಣಗಲ್ಲಿನ ಕಾರ್ಖಾನೆಯ ಲ್ಯಾಬಿನಲ್ಲಿದ್ದಾಳೆ. ಲಾಕ್‌ಡೌನಿನಲ್ಲಿ ಅವಳ ಪಾಠಕ್ಕೆಂದು ಮನೆಗೆ ವೈಫೈ ಹಾಕಿಸಿದರು. ಗಿರಿಜಾ ಮಾಳಿಗೆಯ ಮೇಲೆ ಫೋನು ಹಿಡಿದು ತಿರುಗುವುದನ್ನು ನೋಡಿ ಯಲ್ಲಪ್ಪನವರೇ ಕರೆದು, ನಮ್ಮದನ್ನೇ ಉಪಯೋಗಿಸಿರಿ, ಗೋಡೆಗೆ ಗೋಡೆ ಇದೆಯಲ್ಲ ಎಂದರು. ನಮ್ಮ ಅಳಿಯ ಬಿಟ್ಟುಹೋದ ಹಳೇ ದಪ್ಪ ಲ್ಯಾಪ್‌ಟಾಪ್ ಇತ್ತು. ಸುಜಾತಾ ಬಂದಳು. ನಾನು ಲ್ಯಾಪ್‌ಟಾಪನ್ನು ಹೊರಗೆ ಪಡಸಾಲೆಯ ಕಟ್ಟೆಗೆ ತಂದುಕೊಟ್ಟೆ. ಹುಡುಗಿ ಒಳಗೆ ಬರುವ ತೊಂದರೆ ಯಾಕೆ ಎಂದು ನಾನು ತೋರಿದ ಸೌಜನ್ಯ ಅದು. ಅಲ್ಲೇ ಕೂತು ಪಾಸ್‌ವರ್ಡ್ ಹಾಕಿ, ನೆಟ್ ಬರದಿದ್ದರೆ ಏನು ಮಾಡಬೇಕು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟಳು. ಆಫ್ ಮಾಡಿ ಆನ್ ಮಾಡಿ. ಹತ್ತು ನಿಮಿಷ ಕಾಯಿರಿ. ಆಮೇಲೂ ಬರದಿದ್ದರೆ ನೆಟ್‌ವರ್ಕನ್ನು ಮರೆಸಿ ಹೊಸದಾಗಿ ಪಾಸ್‌ವರ್ಡ್ ಹಾಕಿ. ಕೊನೆಯ ಸಾಲು, ಏನೂ ಆಗದಿದ್ದರೆ ನನ್ನನ್ನು ಕರೆಯಿರಿ.

ಆರು ವರ್ಷ ಅವರ ಮನೆಯ ನೆಟ್ಟು ನಮ್ಮ ಗೋಡೆ ದಾಟಿ ಬಂತು. ಅದಕ್ಕೆ ನಾನು ಯಾವತ್ತೂ ಈಗಷ್ಟೇ ಆಯಿತು, ಬೇಡ ಎನ್ನಲಿಲ್ಲ.

ಈಗ ನನ್ನ ಭಾಷಣದ ಕಥೆಗೆ ಬರುತ್ತೇನೆ. ಹಳೇ ನೆನಪುಗಳನ್ನು ಕೂಡಿಹಾಕುವ ಒಂದು ಸಂಘದವರು, ಕಾಲುವೆ ದಂಡೆಯ ಬದುಕಿನ ಬಗ್ಗೆ ಕಂಪ್ಯೂಟರಿನಲ್ಲೇ ಕೂತು ಅರ್ಧ ತಾಸು ಮಾತಾಡಿ ಎಂದು ಕೇಳಿದರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ನನ್ನ ಜೀವಮಾನದಲ್ಲಿ ನನ್ನ ಮಾತನ್ನು ಅರ್ಧ ತಾಸು ಕೇಳುತ್ತೇವೆ ಎಂದವರು ಅವರೇ ಮೊದಲು. ಹಿಗ್ಗಿ ಹೀರೇಕಾಯಿಯಾದೆ. ಸಂಡೂರಿಗೆ ಫೋನು, ಕಂಪ್ಲಿಗೆ ಫೋನು. ಕಂಪ್ಲಿಯಲ್ಲಿ ಗಿರಿಜಾಳ ತಮ್ಮನ ಮನೆಯಲ್ಲಿ ದೊಡ್ಡ ಟಿವಿಗೇ ಜೋಡಿಸಿ ಎಲ್ಲರೂ ನೋಡುವುದೆಂದು ತೀರ್ಮಾನವಾಯಿತು. ನಾನು ಟಿವಿಯಲ್ಲಿ ಹೇಗೆ ಕಾಣುತ್ತೇನೆಂದು ನೋಡಲು ಗಿರಿಜಾ ತನ್ನ ಫೋನು ಸಮೇತ ಶನಿವಾರವೇ ಬಸ್ಸು ಹತ್ತಿದಳು. ಯಲ್ಲಪ್ಪನವರಿಗೂ ನಾನೇ ಕಾಂಪೌಂಡಿನ ಮೇಲಿಂದ ಹೇಳಿದೆ. ಲಿಂಕು ಬೇಕಲ್ಲ ಎಂದು ಸುಜಾತಾಳಿಗೂ ಕಳಿಸಿದೆ.

ಹನ್ನೆರಡು ಪುಟ ಬರೆದಿದ್ದೆ. ಅಪ್ಪನ ದನಿ, ಹಸಿರು ಸೆಟ್ಟು, ಬ್ಯಾಟರಿಯ ವಾಸನೆ, ಬೆಳಗಿನ ಆರು ಗಂಟೆ, ಎಲ್ಲ ಇತ್ತು. ಶನಿವಾರ ಸಂಜೆ ಯಲ್ಲಪ್ಪನವರು ಗೋಡೆಯ ಹತ್ತಿರ ಬಂದರು. ಅವರು ಏನನ್ನೂ ಕೇಳುವ ಜಾಯಮಾನದವರಲ್ಲ. ಆವತ್ತು ಕೇಳಿದರು:

"ಸರ, ನಿಮ್ಮ ಅಪ್ಪಾರು ಮೈಕಿನ್ಯಾಗ ಹೇಳಿದ್ದು ನಮ್ಮಪ್ಪ ನೋಡ್ಕೊಂಡು ಬಂದಿದ್ದನ್ನ. ಆತನ ಹೆಸರೂ ಒಂದ್ ಕಡೆ ಬರ್ಲಿ. ಒಂದ ಮಾತು ಸಾಕ್ರಿ."

ಟೈಮು ಬಹಳ ಕಡಿಮೆಯಿದೆ, ನೋಡೋಣ ಎಂದೆ. ಅವರು ಆಗಲಿ ಎಂದು ತಲೆಯಾಡಿಸಿ ಒಳಗೆ ಹೋದರು. ನನ್ನ ಹನ್ನೆರಡು ಪುಟದಲ್ಲಿ ಬ್ಯಾಟರಿಗೆ ಅರ್ಧ ಪುಟವಿತ್ತು.

ಟೈಮಿಲ್ಲದ್ದು ಸುಳ್ಳು. ಆ ಹೆಸರು ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು. ದುರುಗಪ್ಪ ಅಷ್ಟು ದೂರ ನಡೆದು ಬಂದು, ಕಿಟಕಿಯಲ್ಲಿ ಅಳತೆ ಹೇಳಿ, ಆಮೇಲೆ ನಮ್ಮ ಮನೆಯ ಮೆಟ್ಟಿಲ ಕೆಳಗೆ ಬಂದು ನಿಲ್ಲುತ್ತಿದ್ದ. ಅವ್ವ ತಂಬಿಗೆ ತಂದು ಮೇಲಿನ ಮೆಟ್ಟಿಲಿನಿಂದ ನೀರು ಹೊಯ್ಯುತ್ತಿದ್ದಳು. ಅವನು ಬಗ್ಗಿ ಬೊಗಸೆಯಲ್ಲಿ ಕುಡಿಯುತ್ತಿದ್ದ. ರೇಡಿಯೋವನ್ನು ಕೂಸಿನ ಹಾಗೆ ಒರೆಸುತ್ತಿದ್ದ ಅವ್ವನೇ ಅವಳು. ಕೆಟ್ಟವಳಲ್ಲ. ಅಪ್ಪನೂ ನೋಡುತ್ತ ಕೂತಿರುತ್ತಿದ್ದರು. ಹಲ್ಲುಜ್ಜುತ್ತ ನಾನೂ ನೋಡುತ್ತಿದ್ದೆ. ಇದನ್ನು ಕಂಪ್ಲಿಯ ದೊಡ್ಡ ಟಿವಿಯಲ್ಲಿ ಹೇಳುವ ಎದೆ ನನಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಮದುವೆ ಗಂಡಿನ ಹಾಗೆ ಲ್ಯಾಪ್‌ಟಾಪಿನ ಮುಂದೆ ಬಂದೆ. ಕ್ಯಾಮೆರಾದಲ್ಲಿ ಧೂಳು ಕಾಣಬಾರದೆಂದು ಆವತ್ತು ಬಟ್ಟೆಯನ್ನು ಒದ್ದೆ ಮಾಡಿ, ಮೇಲೆ, ಕೆಳಗೆ, ಅಂಚು, ಸಂದಿ ಯಾವುದನ್ನೂ ಬಿಡದೆ ತಿಕ್ಕಿ ಒರೆಸಿದೆ. ಹತ್ತೂ ಕಾಲಿಗೆ ತೆರೆದೆ. ನೆಟ್ಟಿಲ್ಲ.

ಯಾವಾಗಲೂ ಮೂಲೆಯಲ್ಲಿ ಛತ್ರಿಯಂತೆ ಬಿಚ್ಚಿಕೊಂಡಿರುತ್ತಿದ್ದ ಗುರುತಿನ ಮೇಲೆ ಒಂದು ಕೆಂಪು ಗೀಟು. ಹಾಳೆ ತೆಗೆದೆ. ಆಫ್ ಮಾಡಿ ಆನ್ ಮಾಡಿದೆ. ಈಗಿನ ಕಾಲದ ಎಲ್ಲ ರೋಗಕ್ಕೂ ಇದೊಂದೇ ಔಷಧ ಎಂದು ತೋರುತ್ತದೆ. ಮನುಷ್ಯರಿಗೆ ಮಾತ್ರ ಆ ಸೌಕರ್ಯವಿಲ್ಲ. ಹತ್ತು ನಿಮಿಷ ಕಾಯಬೇಕಿತ್ತು, ಮೂರು ನಿಮಿಷ ಕಾದೆ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಯಲ್ಲಪ್ಪನವರ ಕಡೆಯ ಗೋಡೆಗೆ ಹೋಗಿ ಕೂಸಿಗೆ ಚಂದ್ರನನ್ನು ತೋರಿಸುವ ಹಾಗೆ ಹಿಡಿದೆ. ಸಮಸ್ಯೆ ಹುಡುಕು ಎಂಬುದನ್ನು ಒತ್ತಿದೆ. ಅದು ಬಹಳ ಹೊತ್ತು ಹುಡುಕಿ, ಸಮಸ್ಯೆ ಏನೆಂದು ತಿಳಿಯಲಿಲ್ಲ ಎಂದು ನನಗೇ ವರದಿ ಕೊಟ್ಟಿತು. ಸಿಗ್ನಲ್ಲಿಗೆಂದು ಪಡಸಾಲೆಯ ಕಟ್ಟೆಯ ಮೇಲಿಟ್ಟಿದ್ದ ಬಟನ್ ಫೋನು ಕಿರುಚಿತು. ಕಂಪ್ಲಿಯಿಂದ ಗಿರಿಜಾ. ಎಲ್ಲರೂ ಬಂದು ಕೂತಿದ್ದಾರೆ, ನೀವು ಕಾಣುತ್ತಿಲ್ಲ ಎಂದಳು. ಹಿಂದೆ ಯಾರೋ ನಗುತ್ತಿದ್ದರು.

ಹತ್ತೂ ಮುಕ್ಕಾಲಾಯಿತು. ನೆಟ್‌ವರ್ಕನ್ನು ಮರೆಸುವುದು ಎಂಬ ಮೂರನೇ ಸಾಲಿಗೆ ಬಂದೆ. ಎಲ್ಲಿದೆ ಎಂದು ಹುಡುಕಿ ಒತ್ತಿದೆ. ಅದು ಮರೆತುಬಿಟ್ಟಿತು. ಹೊಸದಾಗಿ ಪಾಸ್‌ವರ್ಡ್ ಹಾಕಬೇಕೆಂದರೆ ನನಗೆ ಪಾಸ್‌ವರ್ಡ್ ನೆನಪಿರಲಿಲ್ಲ, ಅದನ್ನು ಕೇಳುವ ಜಾಗವೂ ತೆರೆಯಲಿಲ್ಲ. ಬೆವರು ಕಿತ್ತುಕೊಂಡಿತು. ಆಗ ತಲೆಗೆ ಒಂದು ಯೋಚನೆ ಬಂತು. ಬಂತು ಎಂದರೆ ಸುಳ್ಳಾದೀತು, ಅದು ಒಳಗೆ ಎಲ್ಲೋ ಕೂತೇ ಇತ್ತು, ಈಗ ಎದ್ದು ಬಂತು. ನಿನ್ನೆ ಅವರಪ್ಪನ ಹೆಸರಿಗೆ ನೋಡೋಣ ಎಂದೆನಲ್ಲ, ಅದಕ್ಕೆ ಸಿಟ್ಟು. ಅದಕ್ಕೇ ಈ ಹೊತ್ತು ನೋಡಿ ಬಂದ್ ಮಾಡಿದ್ದಾರೆ.

ಗುಂಡಿ ನೋಡಲಿಲ್ಲ, ಬ್ಯಾಟರಿ ನೋಡಲಿಲ್ಲ, ವೈರು ನೋಡಲಿಲ್ಲ. ಎದ್ದು ನೇರ ಆ ಕಡೆಯವನ ಹತ್ತಿರ ಹೋದೆ. ಹಾಳೆಯ ಕೊನೆಯ ಸಾಲು, ನನ್ನನ್ನು ಕರೆಯಿರಿ ಎಂಬುದು, ಕಣ್ಣೆದುರಿಗೇ ಇತ್ತು.

ಯಲ್ಲಪ್ಪನವರು ಅಂಗಳದಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದರು. ನನ್ನ ಇಸ್ತ್ರಿ ಅಂಗಿ ನೋಡಿ ಅವರ ಮುಖ ಅರಳಿತು, ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಲಿಲ್ಲ.

"ಕೊಟ್ಟಂಗ ಮಾಡಿ ಕಸಗೊಳ್ಳೋದು. ನಿಮ್ಮ ಮಂದಿ ಬುದ್ಧಿನ ಇಷ್ಟು, ಯಲ್ಲಪ್ಪ."

ಹದಿನೆಂಟು ವರ್ಷ ಅವರನ್ನು ಹೆಸರು ಹಿಡಿದು ಹಾಗೆ ಕರೆದಿರಲಿಲ್ಲ. ಅವರು ಚೊಂಬನ್ನು ಕಟ್ಟೆಯ ಮೇಲಿಟ್ಟರು. ಸಿಟ್ಟು ಬಂದಿದ್ದರೆ ನನಗೆ ಅನುಕೂಲವಿತ್ತು, ನಾನೂ ಒಂದೆರಡು ಆಡಿ ಸಮ ಮಾಡಿಕೊಳ್ಳುತ್ತಿದ್ದೆ. ಅವರಿಗೆ ಸಿಟ್ಟು ಬರಲಿಲ್ಲ.

"ಯಾವ ಮಂದಿರಿ, ಸರ?" ಎಂದು ಮೆಲ್ಲಗೆ ಕೇಳಿದರು.

ನಾನು ನೆಟ್ಟು ಎಂದೆ, ಬಂದ್ ಎಂದೆ, ಹನ್ನೊಂದು ಗಂಟೆ ಎಂದೆ. ಅವರು ಒಳಗೆ ತಿರುಗಿ ಮಗಳನ್ನು ಕರೆದು, ಸರ್ ಮನೆಯಲ್ಲಿ ನೆಟ್ ಬರುತ್ತಿಲ್ಲವಂತೆ, ಹೋಗಿ ನೋಡಿ ಬಾ ಎಂದು ಹೇಳಿ, ಮತ್ತೆ ಚೊಂಬು ತೆಗೆದುಕೊಂಡು ಕುಂಡಗಳ ಕಡೆ ಹೋದರು.

ಸುಜಾತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ನಮ್ಮ ಮನೆಯ ಬಾಗಿಲು ಪೂರ್ತಿ ತೆರೆದು ಒಳಗೆ ಬಾರಮ್ಮ ಎಂದೆ. ಅವಳು ಪಡಸಾಲೆಯ ಕಟ್ಟೆಯ ಹತ್ತಿರವೇ ನಿಂತಳು.

"ಹೊರಗ ತರ್ರಿ ಸರ್. ಇಲ್ಲೇ ನೋಡ್ತೀನಿ."

ತಂದುಕೊಟ್ಟೆ. ಅವಳು ಪರದೆಯ ಕಡೆ ನೋಡಲೇ ಇಲ್ಲ. ಲ್ಯಾಪ್‌ಟಾಪನ್ನು ಓರೆ ಮಾಡಿ, ಮುಂದಿನ ಅಂಚಿನಲ್ಲಿ ಉಗುರಿನಷ್ಟಿದ್ದ ಒಂದು ಗುಂಡಿಯನ್ನು ಹೆಬ್ಬೆರಳಿನಿಂದ ಬಲಕ್ಕೆ ಸರಿಸಿದಳು. ಕಿತ್ತಳೆ ಬಣ್ಣದ ದೀಪ ನೀಲಿಯಾಯಿತು. ಹಳೇ ಮಾಡೆಲ್ಲಿನಲ್ಲಿ ವೈಫೈ ಆನ್ ಆಫ್ ಮಾಡಲು ಹೊರಗೇ ಒಂದು ಗುಂಡಿ ಇರುತ್ತದಂತೆ. ಒರೆಸುವಾಗ ಸರಿದಿರುತ್ತದೆ ಎಂದಳು. ಅಷ್ಟು ಸಣ್ಣ ಗುಂಡಿ ನನ್ನ ಲ್ಯಾಪ್‌ಟಾಪಿಗೆ ಇದೆಯೆಂಬುದೇ ಆರು ವರ್ಷದಲ್ಲಿ ನನಗೆ ತಿಳಿದಿರಲಿಲ್ಲ. ನಾನು ಅದನ್ನು ದಿನಾ ಒರೆಸುತ್ತಿದ್ದೆ ಅಷ್ಟೇ.

ಪರದೆಯ ಮೇಲೆ ಅವರ ಮನೆಯ ನೆಟ್‌ವರ್ಕ್ ಕಾಣಿಸಿತು. ನಾನು ಮರೆಸಿಬಿಟ್ಟಿದ್ದೆನಲ್ಲ, ಅದಕ್ಕೇ ಪಾಸ್‌ವರ್ಡ್ ಕೇಳಿತು. ಏನಮ್ಮ ಅದು, ಹೊಸದು ಮಾಡಿದ್ದೀರಾ ಎಂದೆ. ಇಷ್ಟಾದ ಮೇಲೂ ಹಾಗೆ ಕೇಳಿದೆ ನೋಡಿ.

"ಬದ್ಲಿ ಮಾಡಿಲ್ರಿ. ಮೊದ್ಲಿಂದ ಅದ ಐತಿ. ನಮ್ಮ ಅಜ್ಜನ ಹೆಸರು. ನೀವ ಹೊಡೀರಿ, ಸರ್."

ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ನಾನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ದುರುಗಪ್ಪ ಎಂದು ಹೊಡೆದೆ. ಮೊದಲ ಸಲ ತಪ್ಪಾಯಿತು. ಎರಡನೇ ಸಲವೂ ತಪ್ಪಾಯಿತು, ಅವಳು ಸಹಾಯಕ್ಕೆ ಕೈ ಚಾಚಲಿಲ್ಲ. ಮೂರನೇ ಸಲಕ್ಕೆ ಕೂಡಿಕೊಂಡಿತು. ಬರುತ್ತೇನೆ ಸರ್ ಎಂದು ಹೊರಟಳು. ತಪ್ಪಾಯಿತು ಎಂದು ಹೇಳಲು ಹೊರಟೆ. ಗಡಿಯಾರ ನೋಡಿದೆ, ಹನ್ನೊಂದಕ್ಕೆ ಎರಡೇ ನಿಮಿಷ. ಒಳಗೆ ಓಡಿದೆ.

ಭಾಷಣ ಚೆನ್ನಾಗಿ ಆಯಿತು. ಎಲ್ಲರೂ ಹಾಗೆ ಹೇಳಿದರು. ಬ್ಯಾಟರಿಯ ವಾಸನೆಯ ವರ್ಣನೆಯನ್ನು ಸಂಘದವರು ಬಹಳ ಮೆಚ್ಚಿದರು. ಕೇಳುತ್ತಿರುವವರ ಹೆಸರುಗಳು ಪರದೆಯ ಬದಿಯಲ್ಲಿ ಒಂದರ ಕೆಳಗೊಂದು ಇದ್ದವು. ಮೂರನೆಯದು ಸುಜಾತಾಳದು. ಆ ಹೆಸರಿನ ವಿಡಿಯೋ ಚೌಕದಲ್ಲಿ ಅವಳಿರಲಿಲ್ಲ, ಯಲ್ಲಪ್ಪನವರಿದ್ದರು. ಒದ್ದೆ ಕೈ ಒರೆಸಿಕೊಂಡು, ಬುದ್ಧನ ಪಟದ ಕೆಳಗೆ ನೆಟ್ಟಗೆ ಕೂತು, ಶಾಲೆಯ ಹುಡುಗನ ಹಾಗೆ ಕೇಳುತ್ತಿದ್ದರು. ಅರ್ಧ ತಾಸು ಕೂತಿದ್ದರು. ನಾನು ಹಾಳೆಯಲ್ಲಿದ್ದದ್ದನ್ನು ಓದುತ್ತ ಹೋದೆ. ಬೆಳಗಿನ ಅಳತೆ ಬರುವ ಜಾಗ ಬಂದಾಗ ಒಂದು ಗಳಿಗೆ ನಿಂತೆ. ಅವರು ಸ್ವಲ್ಪ ಮುಂದೆ ಬಾಗಿದರು. ಅಳತೆ ಬರುತ್ತಿತ್ತು ಎಂದು ಓದಿದೆ. ಯಾರು ತರುತ್ತಿದ್ದರೆಂದು ಹೇಳಲಿಲ್ಲ. ಹೇಳುವುದಿತ್ತು ಎಂದು ಈಗ ಎಷ್ಟು ಬಡಿದುಕೊಂಡರೂ ಅಷ್ಟೇ, ಹೇಳಲಿಲ್ಲ.

ಸಂಜೆ ಗಿರಿಜಾ ಬಂದಳು. ಎಲ್ಲ ಹೇಳಿದೆ. ಅವಳು ಚೀಲವನ್ನೂ ಕೆಳಗಿಡದೆ, ಮೊದಲು ಹೋಗಿ ಬನ್ನಿ ಎಂದಳು. ಹೋದೆ. ಯಲ್ಲಪ್ಪನವರು ಬಾಗಿಲ ಹತ್ತಿರ ಎರಡು ಕುರ್ಚಿ ಹಾಕಿಕೊಂಡು, ಒಂದರಲ್ಲಿ ಕೂತಿದ್ದರು. ಇನ್ನೊಂದು ಖಾಲಿ ಇತ್ತು. ನಾನು ಬೆಳಿಗ್ಗೆ ಹೇಳದೆ ಉಳಿದದ್ದನ್ನೆಲ್ಲ ಹೇಳಿದೆ. ಮಾತು ತಪ್ಪಾಯಿತು ಎಂದೆ, ಬಾಯಿಗೆ ಬಂದದ್ದು ಆಡಿಬಿಟ್ಟೆ ಎಂದೆ, ಹೆಸರು ಹೇಳದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಅವರು ಪೂರ್ತಿ ಕೇಳಿದರು.

"ಆತು ಬಿಡ್ರಿ, ಸರ. ನೆಟ್ ಬಂತಲ್ಲ?"

ಬಂತು ಎಂದೆ. ಮತ್ತೇನು ಎನ್ನುವ ಹಾಗೆ ಅವರು ರಸ್ತೆಯ ಕಡೆ ನೋಡಿದರು. ಒಂದು ಅದಿರಿನ ಲಾರಿ ಹೋಯಿತು. ನಾನು ನಿಂತೇ ಇದ್ದೆ. ಖಾಲಿ ಕುರ್ಚಿ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಹದಿನೆಂಟು ವರ್ಷ ನನಗೆ ಬೇಡವಾದ ಆ ಎರಡು ಮಾತು, ಬರ್ರಿ, ಕುಂದ್ರಿ, ಇವತ್ತು ಹೇಳಿದರೆ ಕೂತೇಬಿಡಬೇಕೆಂದು ಕಾಯುತ್ತಿದ್ದೆ. ಅವರು ಹೇಳಲಿಲ್ಲ. ಬೇಕೆಂದೇ ಬಿಟ್ಟ ಹಾಗೂ ಕಾಣಲಿಲ್ಲ. ಹೇಳಿ ಹೇಳಿ ಸಾಕಾಗಿತ್ತೇನೋ. ಕೊನೆಗೆ ನಾನೇ, ಸ್ವಲ್ಪ ನೀರು ಕೊಡಿ, ಬಾಯಿ ಒಣಗಿದೆ ಎಂದೆ. ನನ್ನ ಆಯುಷ್ಯದಲ್ಲಿ ಅಷ್ಟು ಕಷ್ಟದ ಮಾತನ್ನು ನಾನು ಆಡಿರಲಿಲ್ಲ.

ಯಲ್ಲಪ್ಪನವರು ನನ್ನ ಮುಖ ನೋಡಿದರು. ಎದ್ದು ಒಳಗೆ ಹೋದರು. ಒಳಗೆ ನೀರಿನ ಕೊಡದ ಮೇಲಿನ ತಟ್ಟೆ ಸರಿದ ಸದ್ದಾಗುತ್ತದೆಯೇ ಎಂದು ಕಿವಿಗೊಟ್ಟು ಕೇಳಿದೆ. ಆಗಲಿಲ್ಲ. ಅವರು ಹೊರಗೆ ಬಂದಾಗ ಕೈಯಲ್ಲಿ ಅಂಗಡಿಯ ನೀರಿನ ಬಾಟಲಿ ಇತ್ತು. ಅದರ ಮೇಲಿನ ಧೂಳನ್ನು ಹೆಗಲ ಟವೆಲಿನಿಂದ ಚೊಕ್ಕಟವಾಗಿ ಒರೆಸಿ, ಎರಡೂ ಕೈಯಿಂದ ನನಗೆ ಕೊಟ್ಟರು.

"ಇದು ಅಂಗಡೀದ್ರಿ, ಸರ. ಸೀಲ್ ಒಡದಿಲ್ಲ. ಕುಡೀರಿ."

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ನನಗೆ ಯಾವುದು ಸೇರುತ್ತದೆಂದು ತಿಳಿದು ಮಾಡಿದ ಉಪಚಾರ ಅದು. ನಾನು ನಿಂತುಕೊಂಡೇ ಸೀಲು ತಿರುವಿ, ಪೂರ್ತಿ ಬಾಟಲಿ ಕುಡಿದು, ಖಾಲಿ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ.

ಇದಾಗಿ ನಾಲ್ಕು ತಿಂಗಳು. ವೈಫೈ ಈ ಹೊತ್ತಿಗೂ ಬರುತ್ತದೆ. ಅವರು ಪಾಸ್‌ವರ್ಡ್ ಬದಲಿಸಿಲ್ಲ. ಬದಲಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕಾಂಪೌಂಡಿನ ಹತ್ತಿರ ಕಂಡರೆ ಆರಾಮೇನ್ರಿ ಎನ್ನುತ್ತಾರೆ, ನಾನೂ ಆರಾಮ್ರಿ ಎನ್ನುತ್ತೇನೆ. ಬೆಳಿಗ್ಗೆ ಲ್ಯಾಪ್‌ಟಾಪ್ ಒರೆಸುವಾಗ ಮುಂದಿನ ಅಂಚನ್ನು ಬಿಟ್ಟು ಒರೆಸುತ್ತೇನೆ, ಅಲ್ಲಿ ಕೆಂಪು ಧೂಳು ಗೀಟಿನಂತೆ ಕೂತಿದೆ. ನಮ್ಮ ಎರಡೂ ಮನೆಗೆ ಬರುವುದು ಒಂದೇ ಪೈಪಿನ ನೀರು. ಅವರ ಮನೆಯ ನೀರು ಹೇಗಿರುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ.